ಕೊಡಗಿನಲ್ಲಿ ಕಾಡು ಕ್ಯಾರೆಟ್ ಇದೆಯೇ? ಕೊಡೆ ಹೂವಿನ ಗಿಡಗಳ ಗುರುತು, ಎಚ್ಚರಿಕೆ, ಬೀಜ

ಬಾಣೆಹುಲ್ಲು
ಮೂರು ಗಿಡಗಳ ಬಗ್ಗೆ ತಿಳಿದವರು ಹೇಳಬೇಕು. ಮೂರಕ್ಕೂ ನಮ್ಮ ಕಡೆ ಜನ "ಕಾಡು ಕ್ಯಾರೆಟ್" ಅಂತಲೇ ಹೇಳುತ್ತಾರೆ.
ಒಂದನೆಯದು ಕೋಟೆಬೆಟ್ಟದ ಹುಲ್ಲುಗಾವಲಿನಲ್ಲಿ, ಮಳೆ ಇಳಿಮುಖವಾಗುವ ಹೊತ್ತಿಗೆ ಹೂ ಬಿಡುತ್ತದೆ. ಮಂಡಿ ದಾಟುವ ಎತ್ತರ, ಒರಟಾದ ಅಗಲ ಎಲೆ, ಬಿಳಿ ಕೊಡೆಯಂಥ ಹೂಗೊಂಚಲು. ಎರಡನೆಯದು ಕುಶಾಲನಗರದ ಕಡೆ ರಸ್ತೆ ಬದಿಯಲ್ಲಿ ರಾಶಿ ರಾಶಿ ಇದೆ, ಎಲೆ ಥೇಟ್ ಕ್ಯಾರೆಟ್ ಎಲೆಯೇ. ಮೂರನೆಯದು ಕಾಫಿ ನರ್ಸರಿಯ ಚೀಲಗಳಲ್ಲಿ ಬರುವ ಪುಟ್ಟ ಕಳೆ, ದಾರದಂಥ ಎಲೆ, ಉಜ್ಜಿದರೆ ಸೆಲರಿ ವಾಸನೆ.
ಇದರಲ್ಲಿ ನಿಜವಾದ ಕಾಡು ಕ್ಯಾರೆಟ್ ಯಾವುದು? ಬೇರು ತಿನ್ನಬಹುದೇ?

ಕಾಯಿಗುರುತು
ಮೂರೂ ಅಲ್ಲ. ಯಾವುದರ ಬೇರನ್ನೂ ಬಾಯಿಗೆ ಹಾಕಬೇಡಿ.

ನಿಜವಾದ ಕಾಡು ಕ್ಯಾರೆಟ್ ಅಂದರೆ ಡಾಕಸ್ ಕರೋಟ. ಯುರೋಪ್, ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾ, ಮಧ್ಯ ಏಷ್ಯಾ ಅದರ ನೆಲೆ. ಅಮೆರಿಕಕ್ಕೆ ವಲಸಿಗರ ಜೊತೆ ಹೋಗಿ ಅಲ್ಲಿ ರಸ್ತೆ ಬದಿಯ ಕಳೆಯಾಗಿದೆ. ಪಶ್ಚಿಮ ಘಟ್ಟದ ಮೂಲ ಗಿಡ ಅದಲ್ಲ. ನಾವು ತಿನ್ನುವ ಕ್ಯಾರೆಟ್ ಅದೇ ಜಾತಿಯ ಸಾಕಿದ ರೂಪ. ಸುಮಾರು 10ನೇ ಶತಮಾನದ ಹೊತ್ತಿಗೆ ಮಧ್ಯ ಏಷ್ಯಾದಲ್ಲಿ ನೇರಳೆ ಮತ್ತು ಹಳದಿ ಬಣ್ಣದವು ಬೇಸಾಯದಲ್ಲಿದ್ದವು. ಕಿತ್ತಳೆ ಬಣ್ಣದ್ದು ಯುರೋಪಿನಲ್ಲಿ ಆಮೇಲೆ ಬಂತು.

ನಿಮ್ಮ ಎರಡನೇ ಗಿಡ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಇದನ್ನು ಕ್ಯಾರೆಟ್ ಹುಲ್ಲು ಅಂತಲೂ ಕರೆಯುವುದರಿಂದ ಗೊಂದಲ. ಇದು ಸೇವಂತಿಗೆ, ಸೂರ್ಯಕಾಂತಿಯ ಕುಟುಂಬ, ಕ್ಯಾರೆಟ್‌ಗೆ ಸಂಬಂಧವೇ ಇಲ್ಲ. ಮಳೆ ಹೆಚ್ಚಿರುವ ಮಡಿಕೇರಿ ಕಡೆಗಿಂತ ಪೂರ್ವದ ಒಣ ಪಟ್ಟಿಯಲ್ಲಿ ಜಾಸ್ತಿ.

ಪಾರ್ಥೇನಿಯಂ ಹೌದೋ ಅಲ್ಲವೋ ನೋಡಲು ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ ಗಮನಿಸಿ. ಕ್ಯಾರೆಟ್ ಕುಟುಂಬದಲ್ಲಿ ತೊಟ್ಟಿನ ಬುಡ ಅಗಲವಾಗಿ ಒರೆಯಂತೆ ಕಾಂಡವನ್ನು ಸುತ್ತಿಕೊಂಡಿರುತ್ತದೆ. ಕೊತ್ತಂಬರಿ, ಸಬ್ಬಸಿಗೆ ಗಿಡ ಕಿತ್ತು ನೋಡಿ, ತಕ್ಷಣ ಗೊತ್ತಾಗುತ್ತದೆ. ಪಾರ್ಥೇನಿಯಂನಲ್ಲಿ ಆ ಒರೆ ಇಲ್ಲ. ಅದರ ಒಂದೊಂದು "ಹೂ" ಕೂಡ ಹಲವು ಹೂಗಳ ಪುಟ್ಟ ಗುಂಡು ತಲೆ, ಅಂಚಿನಲ್ಲಿ ಐದು ಮೂಲೆ ಕಾಣುತ್ತವೆ. ಕೀಳುವುದಾದರೆ ಕೈಗವಸು ಹಾಕಿಕೊಂಡು ಹೂ ಬರುವ ಮೊದಲು ಕೀಳಿ. ಅದರಲ್ಲಿರುವ ಪಾರ್ಥೆನಿನ್ ಚರ್ಮದ ಅಲರ್ಜಿಗೆ ಕಾರಣ. ಎಲೆಯೆಲ್ಲ ತೂತಾಗಿರುವ ಗಿಡ ಕಂಡರೆ ಮೆಕ್ಸಿಕೋ ಮೂಲದ ಜೈಗೋಗ್ರಾಮ ಜೀರುಂಡೆ ಇರಬಹುದು. ಈ ಕಳೆಯನ್ನು ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು ಅದು. ಅದಕ್ಕೆ ಔಷಧಿ ಹೊಡೆಯಬೇಡಿ.

ಮೂರನೆಯದು ಸೈಕ್ಲೋಸ್ಪರ್ಮಮ್ ಲೆಪ್ಟೊಫಿಲ್ಲಮ್. ದಕ್ಷಿಣ ಅಮೆರಿಕದಿಂದ ಬಂದ ಕಳೆ, ಆದರೆ ಖಂಡಿತ ಕ್ಯಾರೆಟ್ ಕುಟುಂಬದ್ದೇ.

ಮೊದಲನೆಯದರ ಹೆಸರನ್ನು ಮಾತ್ರ ಕಾಯಿ ನೋಡದೆ ಹೇಳುವುದಿಲ್ಲ. ಹೂ ಎಲ್ಲ ಒಂದೇ ಥರ ಇರುವ ಕುಟುಂಬ ಇದು, ಸುಮಾರು 3,800 ಜಾತಿಗಳಿವೆ. ಹೂವಿನ ಫೋಟೋ ನೋಡಿ ಹೆಸರು ಹೇಳುವವರನ್ನು ನಂಬಬೇಡಿ.

ಏಲಕ್ಕಿಮಲೆ
ಕಾಯಿಗುರುತು ಸರ್ ಹೇಳಿದ್ದು ಸರಿ. ಫೋಟೋ ತೆಗೆಯುವವರು ಇಷ್ಟು ಮಾಡಿ. ಇಡೀ ಗಿಡ ಒಂದು. ಬುಡದ ಎಲೆ ಮತ್ತು ಮೇಲಿನ ಎಲೆ ಬೇರೆ ಬೇರೆ (ಆಕಾರ ಬದಲಾಗುತ್ತದೆ). ಕಾಂಡದ ಮೇಲೆ ರೋಮ ಇದೆಯೋ, ನುಣುಪೋ, ಚುಕ್ಕೆ ಇದೆಯೋ. ಕೊಡೆಯನ್ನು ತಲೆಕೆಳಗು ಮಾಡಿ ಕಡ್ಡಿಗಳು ಸೇರುವಲ್ಲಿರುವ ಪುಟ್ಟ ಎಲೆಗಳು. ಕಿರುಕೊಡೆಯ (ದೊಡ್ಡ ಕೊಡೆಯ ಒಂದೊಂದು ಕಡ್ಡಿಯ ತುದಿಯ ಸಣ್ಣ ಕೊಡೆ) ಬುಡದಲ್ಲೂ ಅಂಥವು ಇವೆಯೋ ಇಲ್ಲವೋ. ಕೊನೆಗೆ ಬಲಿತ ಕಾಯಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು.

ನಿಜ ಕಾಡು ಕ್ಯಾರೆಟ್ಟಿನಲ್ಲಿ ಕೊಡೆಯ ಬುಡದ ಆ ಪುಟ್ಟ ಎಲೆಗಳು ಸೀಳುಸೀಳಾಗಿ ಉದ್ದ ಇರುತ್ತವೆ, ಕಾಂಡ ರೋಮಮಯ, ಎಷ್ಟೋ ಸಲ ಬಿಳಿ ಕೊಡೆಯ ನಟ್ಟನಡುವೆ ಒಂದೇ ಒಂದು ಕಡುಗೆಂಪು ಹೂ. ಅದು ಯಾಕಿದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಯುರೋಪಿನಲ್ಲಿ ಇದರ ಜೊತೆ ಗೊಂದಲವಾಗುವ ಕೋನಿಯಮ್, ಅಂದರೆ ಸಾಕ್ರಟೀಸ್‌ಗೆ ಕೊಟ್ಟ ವಿಷದ ಗಿಡ, ನುಣುಪು ಕಾಂಡ, ಮೇಲೆ ನೇರಳೆ ಚುಕ್ಕೆ. ಬೇರು ಕಿತ್ತು ತಿನ್ನುವ ಯೋಚನೆ ಈ ಕುಟುಂಬದಲ್ಲಿ ಯಾಕೆ ಬೇಡ ಅನ್ನುವುದಕ್ಕೆ ಅದೊಂದೇ ಸಾಕು.

ಇನ್ನೊಂದು ಮಾತು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಮೂರೂ ವನ್ಯಜೀವಿಧಾಮಗಳು. ಅಲ್ಲಿ ಅನುಮತಿ ಇಲ್ಲದೆ ಗಿಡ, ಕಾಯಿ ಕೀಳುವಂತಿಲ್ಲ. ಫೋಟೋ ಮಾತ್ರ.

ಬಾಣೆಹುಲ್ಲು
ಕಾಯಿಯ ಫೋಟೋ ಹಾಕಿದ್ದೇನೆ. ಚಪ್ಪಟೆ, ಮೊಟ್ಟೆಯಾಕಾರ, ಅಂಚಿನಲ್ಲಿ ತೆಳ್ಳಗಿನ ರೆಕ್ಕೆ. ಬೆನ್ನಿನ ಮೇಲೆ ನಾಲ್ಕು ಕಂದು ಗೆರೆ ಮೇಲಿನಿಂದ ಇಳಿದು ಅರ್ಧಕ್ಕೇ ನಿಂತಿವೆ.

ಕಾಯಿಗುರುತು
ಹಾಗಾದರೆ ಸಂಶಯವಿಲ್ಲ, ಹೆರಾಕ್ಲಿಯಮ್ ಗುಂಪು. ಈಗ ನಮ್ಮ ಜಾತಿಗಳನ್ನು ಟೆಟ್ರಾಟೀನಿಯಮ್ ಎಂಬ ಹೆಸರಿಗೆ ಸೇರಿಸುತ್ತಾರೆ, ಹಳೆಯ ಪುಸ್ತಕಗಳಲ್ಲಿ ಹೆರಾಕ್ಲಿಯಮ್ ರಿಜೆನ್ಸ್ ಮುಂತಾಗಿ ಸಿಗುತ್ತದೆ. ಜಾತಿ ಖಚಿತ ಮಾಡಲು ಎಲೆಯ ಹೋಳು, ರೋಮ ನೋಡಬೇಕು. ಗುಂಪು ಮಾತ್ರ ಕಾಯಿಯಿಂದಲೇ ಪಕ್ಕಾ.

ಆ ನಾಲ್ಕು ಗೆರೆ ಎಣ್ಣೆ ನಾಳಗಳು. ಈ ಕುಟುಂಬದ ಕಾಯಿ ಸಾಮಾನ್ಯವಾಗಿ ಬಲಿತ ಮೇಲೆ ಉದ್ದಕ್ಕೆ ಎರಡು ಹೋಳಾಗಿ ಬಿಡಿಸಿಕೊಳ್ಳುತ್ತದೆ, ನಡುವಿನ ಸಣ್ಣ ಕಡ್ಡಿಗೆ ಎರಡೂ ನೇತಾಡುತ್ತವೆ. ಒಂದೊಂದು ಹೋಳಿನಲ್ಲಿ ಒಂದು ಬೀಜ, ಬೆನ್ನಿನ ಮೇಲೆ ಐದು ಮುಖ್ಯ ಏಣು (ಉಬ್ಬು ಗೆರೆ), ಏಣುಗಳ ನಡುವೆ ಎಣ್ಣೆ ನಾಳ. ಜೀರಿಗೆ, ಓಮ, ಸೋಂಪು, ಕೊತ್ತಂಬರಿ ನಾವು ಕಾಳು ಅನ್ನುತ್ತೇವೆ, ಅವೆಲ್ಲ ಸಸ್ಯಶಾಸ್ತ್ರದಲ್ಲಿ ಕಾಯಿಗಳು. ಪರಿಮಳ ಇರುವುದು ಆ ನಾಳಗಳಲ್ಲಿ.

ಕಲಿಯಲು ಕಾಡಿಗೆ ಹೋಗಬೇಕಾಗಿಲ್ಲ, ಅಡುಗೆಮನೆ ಸಾಕು. ಸೋಂಪು, ಜೀರಿಗೆ, ಕೊತ್ತಂಬರಿ ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಹೊಸ ಬ್ಲೇಡಿನಿಂದ ಅಡ್ಡಲಾಗಿ ಆದಷ್ಟು ತೆಳ್ಳಗೆ ಕತ್ತರಿಸಿ, ಬಿಳಿ ತಟ್ಟೆಯ ಮೇಲೆ ಒಂದು ಹನಿ ನೀರಲ್ಲಿಟ್ಟು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಸೋಂಪು, ಜೀರಿಗೆಯ ಒಂದು ಹೋಳಿಗೆ ಆರು ನಾಳ: ಬೆನ್ನ ಕಡೆ ನಾಲ್ಕು, ಎರಡು ಹೋಳು ಸೇರುವ ಮಗ್ಗುಲಲ್ಲಿ ಎರಡು. ಕೊತ್ತಂಬರಿಯಲ್ಲಿ ಸೇರುವ ಮಗ್ಗುಲಲ್ಲಿ ಎರಡೇ. ಕಡು ಚುಕ್ಕೆಗಳಂತೆ ಕಾಣುತ್ತವೆ. ಕತ್ತರಿಸಿದ ಚೂರು ದಪ್ಪವಾದರೆ ಬೆಳಕು ದಾಟದೆ ಏನೂ ಕಾಣುವುದಿಲ್ಲ. ನೆನೆಸದೆ ಕೊಯ್ದರೆ ಪುಡಿಯಾಗುತ್ತದೆ. ಇದನ್ನು ಒಮ್ಮೆ ಮಾಡಿದವರಿಗೆ ಬೆಟ್ಟದಲ್ಲಿ ಯಾವ ಕಾಯಿ ಸಿಕ್ಕರೂ ಎಲ್ಲಿಂದ ನೋಡಲು ಶುರು ಮಾಡಬೇಕು ಎಂಬುದು ಗೊತ್ತಿರುತ್ತದೆ.

ಕಾಡು ಕ್ಯಾರೆಟ್ಟಿನ ಕಾಯಿಯಲ್ಲಾದರೆ ಮುಖ್ಯ ಏಣುಗಳ ನಡುವಿನ ಉಪ ಏಣುಗಳು ಎದ್ದು, ಅವುಗಳ ಮೇಲೆ ಸಾಲಾಗಿ ಮುಳ್ಳು. ಪ್ರಾಣಿಗಳ ಮೈಗೆ ಅಂಟಿ ಹೋಗುತ್ತದೆ. ಹೂ ಮುಗಿದ ಮೇಲೆ ಕೊಡೆ ಒಳಕ್ಕೆ ಮಡಚಿ ಹಕ್ಕಿಗೂಡಿನ ಹಾಗಾಗುತ್ತದೆ. ಗಾಳಿ ತೇವವಾದಾಗ ಮುಚ್ಚಿ, ಒಣಗಿದಾಗ ಬಿಚ್ಚಿಕೊಂಡು ಕಾಯಿ ಉದುರಿಸುತ್ತದೆ.

ಚಿಟ್ಟೆಲೆಕ್ಕ
ಹೆರಾಕ್ಲಿಯಮ್ ಮುಟ್ಟುವವರಿಗೆ ಒಂದು ಎಚ್ಚರಿಕೆ. ಈ ಗುಂಪಿನ ರಸದಲ್ಲಿ ಫ್ಯೂರನೊಕೂಮರಿನ್ ಎಂಬ ರಾಸಾಯನಿಕಗಳಿವೆ. ರಸ ಚರ್ಮಕ್ಕೆ ತಾಗಿ, ಆ ಜಾಗಕ್ಕೆ ಬಿಸಿಲು ಬಿದ್ದರೆ, ಅದರಲ್ಲೂ 320–400 ನ್ಯಾನೊಮೀಟರ್ ತರಂಗದ ಅತಿನೇರಳೆ ಕಿರಣ, ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಇದು ಅಲರ್ಜಿ ಅಲ್ಲ, ರಸ ಸಾಕಷ್ಟು ತಾಗಿದರೆ ಯಾರಿಗಾದರೂ ಆಗುತ್ತದೆ. ಮೋಸ ಎಲ್ಲಿ ಅಂದರೆ, ತಕ್ಷಣ ಉರಿಯುವುದಿಲ್ಲ. ಸುಮಾರು ಒಂದು ದಿನ ಬಿಟ್ಟು ಕೆಂಪಾಗಿ, ಎರಡು ಮೂರು ದಿನಕ್ಕೆ ಜೋರಾಗುತ್ತದೆ. ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಅಷ್ಟರಲ್ಲಿ ಯಾವ ಗಿಡದಿಂದ ಅಂತ ಜನ ಮರೆತಿರುತ್ತಾರೆ, ಹುಳ ಕಚ್ಚಿತು ಅಂದುಕೊಳ್ಳುತ್ತಾರೆ.

ರಸ ತಾಗಿದರೆ ಕೂಡಲೇ ಸೋಪು, ತಣ್ಣೀರಿನಲ್ಲಿ ತೊಳೆಯಿರಿ, ಆ ಜಾಗವನ್ನು ಕನಿಷ್ಠ 48 ಗಂಟೆ ಬಟ್ಟೆ ಮುಚ್ಚಿ ಬಿಸಿಲಿನಿಂದ ಕಾಪಾಡಿ. ಕಣ್ಣಿಗೆ ಹೋದರೆ, ದೊಡ್ಡ ಬೊಬ್ಬೆ ಬಂದರೆ ಡಾಕ್ಟರ್ ಹತ್ತಿರ ಹೋಗಿ. ಕಳೆ ಕೊಚ್ಚುವ ಯಂತ್ರ ಬಳಸುವವರಿಗೆ ಅಪಾಯ ಹೆಚ್ಚು, ರಸ ಕಾಲಿಗೆಲ್ಲ ಸಿಡಿಯುತ್ತದೆ.

ಇದೇ ರಾಸಾಯನಿಕ ನಿಂಬೆ ಜಾತಿಯ ಗಿಡಗಳಲ್ಲೂ ಇದೆ. ಯುರೋಪ್, ಅಮೆರಿಕದಲ್ಲಿ ಕ್ಯಾರೆಟ್ ಕುಟುಂಬದ ಎಲೆ ತಿನ್ನುವ ಪ್ಯಾಪಿಲಿಯೊ ಚಿಟ್ಟೆಗಳ ನಂಟರೇ ನಮ್ಮ ಕೊಡಗಿನ ಕಿತ್ತಳೆ ಗಿಡದ ಎಳೆ ಎಲೆ ತಿನ್ನುವ ಚಿಟ್ಟೆ ಹುಳುಗಳು. ಎಳೆಯದಾಗಿದ್ದಾಗ ಹಕ್ಕಿ ಹಿಕ್ಕೆಯಂತೆ, ಬಲಿತಾಗ ಹಸಿರು. ಬೇರೆ ಹುಳುಗಳಿಗೆ ವಿಷವಾದದ್ದನ್ನು ಇವು ಹೊಟ್ಟೆಯಲ್ಲೇ ಒಡೆದು ಜೀರ್ಣಿಸಿಕೊಳ್ಳುತ್ತವೆ. ಎರಡು ಸಂಬಂಧವಿಲ್ಲದ ಕುಟುಂಬಗಳನ್ನು ಒಂದೇ ಚಿಟ್ಟೆ ಬಳಗ ತಿನ್ನುವುದರ ಗುಟ್ಟು ಈ ರಾಸಾಯನಿಕದ ಹೋಲಿಕೆಯಲ್ಲಿದೆ.

ಏಲಕ್ಕಿಮಲೆ
ಹಾಗಂತ ಹುಲ್ಲುಗಾವಲಿನ ಹೆರಾಕ್ಲಿಯಮ್ ಕಡಿಯಲು ಹೋಗಬೇಡಿ! ಅದು ಅಲ್ಲಿಯ ಮೂಲ ಗಿಡ. ಕೊಡೆ ಹೂಗಳಲ್ಲಿ ಮಕರಂದ ಮುಚ್ಚಿಟ್ಟ ಕೊಳವೆಯಲ್ಲಿಲ್ಲ, ಹೂವಿನ ನಡುವಿನ ದಿಂಡಿನ ಮೇಲೆ ತೆರೆದು ಹರಡಿರುತ್ತದೆ. ಹಾಗಾಗಿ ಉದ್ದ ನಾಲಿಗೆ ಇಲ್ಲದ ನೊಣ, ಜೀರುಂಡೆ, ಸಣ್ಣ ಕಣಜಗಳಿಗೂ ಸಿಗುತ್ತದೆ. ಹೂನೊಣಗಳ ಮರಿಗಳಲ್ಲಿ ಎಷ್ಟೋ ಜಾತಿ ಗಿಡಹೇನು ತಿನ್ನುತ್ತವೆ, ಪರೋಪಜೀವಿ ಕಣಜಗಳು ಹುಳುಗಳ ಮೈಯಲ್ಲಿ ಮೊಟ್ಟೆ ಇಡುತ್ತವೆ. ತರಕಾರಿ ಮಡಿಯ ಅಂಚಿನಲ್ಲಿ ನಾಲ್ಕು ಸಬ್ಬಸಿಗೆ, ಕೊತ್ತಂಬರಿ ಗಿಡವನ್ನು ಹೂವಿಗೆ ಬಿಡಿ ಅನ್ನುವುದು ಇದಕ್ಕೇ.

ನೆರಳಿನ ಶೋಲಾ ಕಾಡಿನಲ್ಲಿ ಬಟ್ಟೆಗೆ ಅಂಟುವ ಕೊಕ್ಕೆ ಮುಳ್ಳಿನ ಪುಟ್ಟ ಗುಂಡು ಕಾಯಿ ಕಂಡರೆ ಅದು ಸ್ಯಾನಿಕ್ಯುಲ ಇರಬಹುದು. ಅಂಗೈಯಂತೆ ಸೀಳಿದ ಎಲೆ. ಮುಳ್ಳು ಕಾಯಿ ನೋಡಿ ಡಾಕಸ್ ಅಂದುಕೊಳ್ಳಬೇಡಿ, ಡಾಕಸ್ ಬಯಲಿನ ಬಿಸಿಲಿನ ಗಿಡ.

ಗದ್ದೆಬದು
ನರ್ಸರಿಯ ಮೂರನೇ ಗಿಡದ ಬಗ್ಗೆ. ಅದು ಒಂದೇ ವರ್ಷದ ಕಳೆ, ಬೀಜದಿಂದ ಮಾತ್ರ ಬರುತ್ತದೆ. ಸುಮಾರು 2 ಮಿಮೀ ಉದ್ದದ ಕಾಯಿ, ಅದಕ್ಕೇ ಗೊಬ್ಬರದ ಜೊತೆ ಬಂದದ್ದು ಗೊತ್ತೇ ಆಗುವುದಿಲ್ಲ. ಚೀಲಕ್ಕೆ ತುಂಬುವ ಕಾಡುಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು 6:2:1 ಮಿಶ್ರಣವನ್ನು ಮಾರ್ಚ್–ಏಪ್ರಿಲ್‌ನಲ್ಲಿ ಒದ್ದೆ ಮಾಡಿ, 15 ಸೆಂಮೀಗಿಂತ ಎತ್ತರ ಮಾಡದೆ ಹರಡಿ, ಪಾರದರ್ಶಕ ತೆಳು ಪಾಲಿಥೀನ್ ಹೊದಿಸಿ ಅಂಚಿಗೆ ಮಣ್ಣು ಕಟ್ಟಿ 4ರಿಂದ 6 ವಾರ ಬಿಡಿ, ಬಿಸಿಲಿನ ಕಾವಿಗೆ ಕಳೆಬೀಜ ಸಾಯುತ್ತದೆ. ಕಪ್ಪು ಹಾಳೆ ಬೇಡ, ಬಿಸಿ ಮಣ್ಣಿಗೆ ಇಳಿಯುವುದಿಲ್ಲ. ಮಣ್ಣು ಒಣಗಿದ್ದರೂ ಕೆಲಸ ಆಗುವುದಿಲ್ಲ, ತೇವವೇ ಶಾಖ ಒಯ್ಯುವುದು. ಮರದ ನೆರಳಿನಲ್ಲಿ ಹಾಕಿದರೆ ದಂಡ. ಈಗಾಗಲೇ ಬಂದಿರುವುದನ್ನು ಹೂ ಬಿಳಿಯಾಗುವ ಮೊದಲು ಕಿತ್ತು ತೆಗೆಯಿರಿ, ಕಾಯಿ ಕಟ್ಟಿದ್ದನ್ನು ಗೊಬ್ಬರ ಗುಂಡಿಗೆ ಹಾಕಬೇಡಿ.

ಬಾಣೆಹುಲ್ಲು
ಧನ್ಯವಾದ ಗದ್ದೆಬದು ಅಣ್ಣ. ಒಂದೆಲಗ ಕೂಡ ಇದೇ ಕುಟುಂಬ ಅಂತ ಕೇಳಿದ್ದೆ, ಎಲೆ ನೋಡಿದರೆ ನಂಬಲಾಗುವುದಿಲ್ಲ.

ಗದ್ದೆಬದು
ಹೌದು, ಇದೇ ಕುಟುಂಬ. ಒರೆಯಂಥ ತೊಟ್ಟಿನ ಬುಡ, ಎರಡಾಗುವ ಕಾಯಿ ಎರಡೂ ಇವೆ. ಕೊಡೆ ಮಾತ್ರ ಬಹಳ ಚಿಕ್ಕದು, ಮೂರು ನಾಲ್ಕು ಕೆಂಪು ಛಾಯೆಯ ಹೂ, ಎಲೆಯಡಿ ನೆಲಕ್ಕೆ ಅಂಟಿಕೊಂಡು.

ಮೋಸ ಹೋಗುವುದು ಹೈಡ್ರೊಕೋಟೈಲ್ ಜೊತೆ. ಅದನ್ನು ಈಗ ಬೇರೆ ಕುಟುಂಬಕ್ಕೆ ಸೇರಿಸಿದ್ದಾರೆ. ತೊಟ್ಟು ಎಲೆಯ ನಡುವಿಗೆ ಅಂಟಿದ್ದರೆ ಅದು ಒಂದೆಲಗ ಅಲ್ಲ, ಕುಂಡದಲ್ಲಿ ಅಲಂಕಾರಕ್ಕೆ ಬೆಳೆಸುವ ಹೈಡ್ರೊಕೋಟೈಲ್. ಆದರೆ ನಮ್ಮ ತೋಡಿನ ಬದಿಯ ಹೈಡ್ರೊಕೋಟೈಲ್‌ಗಳಲ್ಲಿ ತೊಟ್ಟು ಒಂದೆಲಗದಂತೆ ಬುಡದ ಸೀಳಿಗೇ ಬರುತ್ತದೆ. ಆಗ ಎಲೆಯ ಅಂಚು ನೋಡಿ: ಹೈಡ್ರೊಕೋಟೈಲ್‌ನಲ್ಲಿ ಐದರಿಂದ ಏಳು ಹಾಲೆ (ಸೀಳಿನ ನಡುವಿನ ಭಾಗ) ಸ್ಪಷ್ಟ, ಒಂದೆಲಗದಲ್ಲಿ ಮೂತ್ರಪಿಂಡದಾಕಾರ, ಅಂಚಿನಲ್ಲಿ ಸಣ್ಣ ಹಲ್ಲು ಮಾತ್ರ. ಕಾಯಿ ಸಿಕ್ಕರೆ ಒಂದೆಲಗದ ಕಾಯಿಯ ಮೇಲೆ ಏಣುಗಳ ನಡುವೆ ಬಲೆಯಂಥ ನರ ಇರುತ್ತದೆ. ಬ್ರಾಹ್ಮಿ ಅಂತ ಮಾರುವ ಬಕೋಪ ಪೂರ್ತಿ ಬೇರೆ ಗಿಡ: ಎದುರುಬದುರು ಪುಟ್ಟ ದಪ್ಪ ಎಲೆ, ಬಿಡಿ ಹೂ.

ಚಟ್ನಿ, ತಂಬುಳಿಗೆ ಕೊಯ್ಯುವವರು ಜಾಗ ನೋಡಿ ಕೊಯ್ಯಿರಿ. ಕಾಫಿ, ಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಾಗ ತಾಮ್ರ ಕೆಳಗಿನ ಸೊಪ್ಪಿನ ಮೇಲೂ ಬೀಳುತ್ತದೆ. ಕಳೆನಾಶಕ ಹೊಡೆದ ಸಾಲಿನಲ್ಲಂತೂ ಬೇಡವೇ ಬೇಡ. ದನ ಮೇಯುವ, ನೀರು ನಿಲ್ಲುವ, ಬಸವನಹುಳು ಇರುವ ಗದ್ದೆಯ ಸೊಪ್ಪಿನ ಮೇಲೆ ಯಕೃತ್ತಿನ ಚಪ್ಪಟೆ ಹುಳುವಿನ ಕೋಶಗಳು ಅಂಟಿರಬಹುದು, ಬರೀ ತೊಳೆದರೆ ಹೋಗುವುದಿಲ್ಲ. ಅಲ್ಲಿಯದನ್ನು ಹಸಿಯಾಗಿ ಅರೆಯದೆ ಬೇಯಿಸಿ ಬಳಸಿ. ಇದಕ್ಕಿಂತ ಮನೆ ಹಿಂದೆ ಅರ್ಧ ನೆರಳಿನಲ್ಲಿ ನಾಲ್ಕು ಬಳ್ಳಿ ತುಂಡು ಗೆಣ್ಣು ಸಮೇತ ನೆಟ್ಟರೆ ಒಂದು ಮಳೆಗಾಲಕ್ಕೆ ಮಡಿ ತುಂಬುತ್ತದೆ.

ಬೀಜಪೆಟ್ಟಿಗೆ
ಕ್ಯಾರೆಟ್ ವಿಷಯ ಬಂದಿರುವುದರಿಂದ ಹೇಳುತ್ತೇನೆ. ನಮ್ಮಲ್ಲಿ ಕಾಡು ಕ್ಯಾರೆಟ್ ಇಲ್ಲದಿರುವುದು ಬೀಜ ಮಾಡುವವರಿಗೆ ನಿಜವಾಗಿ ಲಾಭ. ಅದು ಬೆಳೆಯುವ ದೇಶಗಳಲ್ಲಿ ಪರಾಗ ಬೆರೆತು ಬೀಜ ಕೆಡುತ್ತದೆ, ಮುಂದಿನ ಬೆಳೆಯಲ್ಲಿ ಬಿಳಿ ನಾರು ಬೇರು, ಬೇಗ ಹೂ ಬಿಡುವ ಗಿಡ. ಎರಡೂ ಒಂದೇ ಜಾತಿ, 18 ವರ್ಣತಂತುಗಳು, ಸಲೀಸಾಗಿ ಕೂಡುತ್ತವೆ.

ಬಾಣೆಹುಲ್ಲು
ಆದರೆ ನಮ್ಮಲ್ಲಿ ಕ್ಯಾರೆಟ್ ಹೂವೇ ಬಿಡುವುದಿಲ್ಲವಲ್ಲ ಅಕ್ಕ?

ಬೀಜಪೆಟ್ಟಿಗೆ
ನಾಂಟಿಸ್‌ನಂಥ ಯುರೋಪಿನ ತಳಿಗಳಿಗೆ ಕೆಲವು ವಾರ 10 ಡಿಗ್ರಿಗಿಂತ ಕೆಳಗಿನ ಚಳಿ ತಾಗದೆ ಹೂದಂಟು ಏಳುವುದಿಲ್ಲ. ಮಡಿಕೇರಿಯ ಡಿಸೆಂಬರ್ ರಾತ್ರಿ ತಣ್ಣಗಿದ್ದರೂ ಹಗಲು ಬಿಸಿಲು ಅದನ್ನು ಅಳಿಸಿಹಾಕುತ್ತದೆ. ಉತ್ತರ ಭಾರತದ ಕೆಂಪು ಏಷ್ಯಾ ತಳಿಗಳಿಗೆ ಆ ಬೇಡಿಕೆ ಇಲ್ಲ, ಬಯಲುಸೀಮೆಯಲ್ಲೂ ಹೂ ಬಿಡುತ್ತವೆ. ನಾಂಟಿಸ್ ಬೇಕೆಂದರೆ ಫ್ರಿಜ್ಜಿನಲ್ಲಿ ಚಳಿ ಕೊಡಬೇಕು.

ಬೇರು ಸ್ವಂತ ಮಡಿಯದ್ದೇ ಆಗಲಿ, ಮಾರುಕಟ್ಟೆಯದು ಬೇಡ. ಅಂಗಡಿಯದರ ನೆತ್ತಿಯನ್ನು ಎಷ್ಟೋ ಸಲ ಪೂರ್ತಿ ಕತ್ತರಿಸಿರುತ್ತಾರೆ, ಆಗ ಚಿಗುರುವುದಿಲ್ಲ. ಹೈಬ್ರಿಡ್ ಆದರೆ ಗಂಡುಬಂಜೆ ತಳಿಯಿಂದ ಮಾಡಿದ್ದು, ಎಷ್ಟೋ ಗಿಡದಲ್ಲಿ ಪರಾಗವೇ ಇರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕಿತ್ತು, ಸೀಳಿದ, ಕವಲೊಡೆದ, ಹಸಿರು ಭುಜದ ಬೇರುಗಳನ್ನು ತೆಗೆದುಹಾಕಿ. ಎಲೆಯನ್ನು 5 ಸೆಂಮೀ ಉಳಿಸಿ ಕತ್ತರಿಸಿ. ತುದಿಯ ಮೂರನೇ ಒಂದು ಭಾಗ ಕೊಯ್ದು ಒಳಗಿನ ಬಣ್ಣ ನೋಡಿ, ತಿರುಳು ಬಿಳಿಯಾಗಿರುವುದನ್ನು ಬಿಡಿ. ಗಾಯ ಒಂದು ದಿನ ನೆರಳಲ್ಲಿ ಆರಲಿ, ಇಲ್ಲದಿದ್ದರೆ ಕೊಳೆಯುತ್ತದೆ. ಆಮೇಲೆ ತುಸು ತೇವದ ಮರಳಿನಲ್ಲಿ, ತೂತು ಮಾಡಿದ ಚೀಲದಲ್ಲಿ, 4–5 ಡಿಗ್ರಿಯಲ್ಲಿ 6ರಿಂದ 8 ವಾರ. ಅದೇ ಪೆಟ್ಟಿಗೆಯಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ, ಅವು ಬಿಡುವ ಎಥಿಲೀನ್ ಅನಿಲದಿಂದ ಬೇರು ಕಹಿಯಾಗಿ ಕೆಡುತ್ತದೆ.

ನವೆಂಬರ್ ಮಧ್ಯದಲ್ಲಿ 45×30 ಸೆಂಮೀ ಅಂತರದಲ್ಲಿ, ನೆತ್ತಿ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಡಿ. ನೆತ್ತಿ ಹೂತರೆ ಕೊಳೆತ, ಮೇಲೆ ಬಿಟ್ಟರೆ ಒಣಗುವಿಕೆ. ಗಿಡ ಕನಿಷ್ಠ 40–50 ಇರಲಿ. ಕ್ಯಾರೆಟ್ ಒಂದು ಹೂವಿನಲ್ಲಿ ಕೇಸರ (ಗಂಡು ಭಾಗ) ಮೊದಲು ಬಲಿತು ಉದುರಿದ ಮೇಲೆ ಶಲಾಕೆ (ಹೆಣ್ಣು ಭಾಗ) ತಯಾರಾಗುತ್ತದೆ, ಹಾಗಾಗಿ ಬೇರೆ ಹೂವಿನ ಪರಾಗ ಬೇಕೇ ಬೇಕು. ನಾಲ್ಕೈದು ಗಿಡದ ಬೀಜದಿಂದ ಒಂದೆರಡು ತಲೆಮಾರಿಗೆ ಬೇರು ಸಣಕಲಾಗುತ್ತದೆ. ಮಾರುವ ಪ್ರಮಾಣಿತ ಬೀಜಕ್ಕೆ ಬೇರೆ ಕ್ಯಾರೆಟ್ ಹೂವಿನಿಂದ 800 ಮೀಟರ್, ಮೂಲ ಬೀಜಕ್ಕೆ 1,000 ಮೀಟರ್ ದೂರದ ನಿಯಮವಿದೆ.

ನಮ್ಮ ತೊಂದರೆ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ. ಕಾಫಿಗೆ ಅಮೃತ, ಕ್ಯಾರೆಟ್ ಬೀಜಕ್ಕೆ ಕೇಡು. ಬಲಿತ ಕೊಡೆ ಒದ್ದೆಯಾದರೆ ಬೂಸಲು ಹಿಡಿದು ಬೀಜ ಕಪ್ಪಾಗುತ್ತದೆ. ಫೆಬ್ರವರಿಯಿಂದಲೇ ಮಡಿಯ ಮೇಲೆ 2 ಮೀಟರ್ ಎತ್ತರದಲ್ಲಿ ಪಾರದರ್ಶಕ ಹಾಳೆ ಕಟ್ಟಿ, ನಾಲ್ಕೂ ಬದಿ ತೆರೆದಿರಲಿ. ಬದಿ ಮುಚ್ಚಿದರೆ ನೊಣ, ಜೇನು ಬರುವುದಿಲ್ಲ, ಕಾಯಿ ಜೊಳ್ಳು. ನಡುದಂಟಿನ ಮೊದಲ ಕೊಡೆ, ಆಮೇಲಿನ ಎರಡನೇ ಸುತ್ತಿನ ಕೊಡೆಗಳ ಬೀಜವೇ ದಪ್ಪ. ಮೂರನೇ ಸುತ್ತಿನದ್ದರಲ್ಲಿ ಭ್ರೂಣ ಬಲಿತಿರುವುದಿಲ್ಲ, ಮೊಳಕೆ ಏರುಪೇರು. ಎರಡನೇ ಸುತ್ತು ಕಂದಾದಾಗ ಕೊಡೆ ಕೊಡೆಯಾಗಿ ಕತ್ತರಿಸಿ, ಕಾಗದದ ಮೇಲೆ ನೆರಳಲ್ಲಿ ಒಣಗಿಸಿ, ಜರಡಿಯ ಮೇಲೆ ಅಂಗೈಯಿಂದ ತಿಕ್ಕಿ. ಮುಳ್ಳು ಮುರಿದು ಬೀಜ ಬಿಡಿಬಿಡಿಯಾಗುತ್ತದೆ. ಮುಳ್ಳು ಉಳಿದರೆ ಬೀಜ ಒಂದಕ್ಕೊಂದು ಅಂಟಿ ಬಿತ್ತನೆ ದಟ್ಟವಾಗುತ್ತದೆ. 1 ಗ್ರಾಂಗೆ ಸುಮಾರು 800 ಬೀಜ.

ಏಲಕ್ಕಿಮಲೆ
ಬೀಜಪೆಟ್ಟಿಗೆ ಮೇಡಂ, ಕಾಡು ಕೊತ್ತಂಬರಿಗೂ ನೊಣ ಬೇಕೇ? ನಮ್ಮಲ್ಲಿ ತಾನೇ ಬಿದ್ದು ಹುಟ್ಟುತ್ತದೆ.

ಬೀಜಪೆಟ್ಟಿಗೆ
ಎರಿಂಜಿಯಮ್ ಫೀಟಿಡಮ್ ತಾನೇ, ಉದ್ದ ಎಲೆ, ಅಂಚಿನಲ್ಲಿ ಮುಳ್ಳುಹಲ್ಲು? ಉಷ್ಣವಲಯ ಅಮೆರಿಕದ್ದು, ಇದೇ ಕುಟುಂಬ, ಕೊಡೆ ಒತ್ತಿಕೊಂಡು ಗಟ್ಟಿ ದಿಂಡಾಗಿದೆ. ಅದಕ್ಕೆ ಬೀಜದ ಚಿಂತೆ ಬೇಡ, ಎಲೆಯ ಚಿಂತೆ ಮಾಡಿ. ಬಿಸಿಲು ಜಾಸ್ತಿ, ಹಗಲು ಉದ್ದ ಆದರೆ ಬೇಗ ದಂಟು ಎಬ್ಬಿಸಿ ಎಲೆ ಗಡುಸಾಗುತ್ತದೆ. ಕಾಫಿ ನೆರಳಿನಲ್ಲಿ ಎಲೆ ಅಗಲ, ಮೆದು. ದಂಟು ಬೆರಳುದ್ದ ಇರುವಾಗಲೇ ಬುಡಕ್ಕೆ ಚಿವುಟಿ, ಒಂದೆರಡನ್ನು ಮಾತ್ರ ಬೀಜಕ್ಕೆ ಬಿಡಿ. ಬೀಜ ಬಿತ್ತುವುದಾದರೆ ಮಣ್ಣು ಮುಚ್ಚಬೇಡಿ, ಮೇಲೆ ಉದುರಿಸಿ ಅಂಗೈಯಲ್ಲಿ ಒತ್ತಿದರೆ ಸಾಕು, ಎರಡರಿಂದ ನಾಲ್ಕು ವಾರ ಕಾಯಬೇಕು.

ಮಾಮೂಲಿ ಕೊತ್ತಂಬರಿಯದು ಇದಕ್ಕೆ ವಿರುದ್ಧ. ಅದರ ಕಾಯಿ ತಾನಾಗಿ ಎರಡಾಗುವುದಿಲ್ಲ, ಹಲಗೆಯ ಕೆಳಗೆ ಹಗುರಾಗಿ ಉರುಳಿಸಿ ಹೋಳು ಮಾಡಿ, ರಾತ್ರಿ ನೆನೆಸಿ, 1 ಸೆಂಮೀ ಆಳಕ್ಕೆ ಹಾಕಿ. ಜೋರಾಗಿ ಒತ್ತಿದರೆ ಒಳಗಿನ ಬೀಜವೇ ಜಜ್ಜಿ ಹೋಗುತ್ತದೆ.